ಜಾಕ್ ಕಿರ್ಬಿ

ಜಾಕ್ ಕಿರ್ಬಿ (ಜನನ: ಆಗಸ್ಟ್ ೨೮, ೧೯೧೭ – ಮರಣ: ಫೆಬ್ರವರಿ ೬, ೧೯೯೪) ಅಮೆರಿಕದ ಪ್ರಸಿದ್ಧ ಕಾಮಿಕ್ಸ್ ಚಿತ್ರಕಾರರು, ಕಥೆಗಾರರು ಹಾಗೂ ಸಂಪಾದಕರು. ಇವರ ಮೂಲ ಹೆಸರು ಜೇಕಬ್ ಕರ್ಟ್ಸ್‌ಬರ್ಗ್. ಕ್ಯಾಪ್ಟನ್ ಅಮೆರಿಕ, ಫೆಂಟಾಸ್ಟಿಕ್ ಫೋರ್, ಹಲ್ಕ್, ಥಾರ್, ಎಕ್ಸ್-ಮೆನ್, ಅವೆಂಜರ್ಸ್, ಬ್ಲ್ಯಾಕ್ ಪ್ಯಾಂಥರ್ ಮೊದಲಾದ ಪಾತ್ರಗಳನ್ನೂ ತಂಡಗಳನ್ನೂ ಇತರರೊಡನೆ ಸೇರಿ ಸೃಷ್ಟಿಸಿದವರು ಇವರು. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಕ್ಷೇತ್ರದಲ್ಲಿ ಮಾರ್ವೆಲ್ ಮತ್ತು ಡಿಸಿ ಎಂಬ ಎರಡು ಸಂಸ್ಥೆಗಳು ದಶಕಗಳಿಂದ ಪ್ರತಿಸ್ಪರ್ಧಿಗಳಾಗಿವೆ. ಇವುಗಳಲ್ಲಿ ಯಾವುದರ ಕಥಾಲೋಕ ದೊಡ್ಡದು, ಯಾವುದರ ಖಳನಾಯಕರು ಭಯಂಕರರು, ಯಾವುದರ ಚಲನಚಿತ್ರಗಳು ಮೇಲು ಎಂಬ ಚರ್ಚೆ ಓದುಗರಲ್ಲಿ ನಡೆಯುತ್ತಲೇ ಇರುತ್ತದೆ. ಆದರೆ ಮಾರ್ವೆಲ್‌ನ ಡಾಕ್ಟರ್ ಡೂಮ್, ಗ್ಯಾಲಾಕ್ಟಸ್, ಮ್ಯಾಗ್ನೀಟೋ ಮತ್ತು ರೆಡ್ ಸ್ಕಲ್ ಪಾತ್ರಗಳು ರೂಪುಗೊಂಡ ಕೈಯಿಂದಲೇ ಡಿಸಿಯ ಅತಿ ದೊಡ್ಡ ಖಳನಾದ ಡಾರ್ಕ್‌ಸೈಡ್ ಕೂಡ ರೂಪುಗೊಂಡನು. ಎರಡೂ ಲೋಕಗಳಿಗೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಪಾತ್ರಗಳನ್ನು ಕೊಟ್ಟ ಕಲಾವಿದರು ವಿರಳ. ಆದರೂ ಆ ಪಾತ್ರಗಳ ಒಡೆತನ ಕಿರ್ಬಿಯವರಿಗೆ ದೊರೆಯಲಿಲ್ಲ; ಸೃಷ್ಟಿಕರ್ತರೆಂಬ ಮನ್ನಣೆಯೂ ಬಹುಪಾಲು ಅವರ ಮರಣಾನಂತರವೇ ದೊರೆಯಿತು.

ಬಾಲ್ಯ ಮತ್ತು ಆರಂಭದ ವೃತ್ತಿಜೀವನ

ಕಿರ್ಬಿಯವರು ನ್ಯೂಯಾರ್ಕ್ ನಗರದ ಲೋವರ್ ಈಸ್ಟ್ ಸೈಡ್ ಎಂಬ ಬಡಾವಣೆಯಲ್ಲಿ ಜನಿಸಿದರು. ತಂದೆ ಬೆಂಜಮಿನ್, ತಾಯಿ ರೋಸ್. ಇಬ್ಬರೂ ಆಸ್ಟ್ರಿಯಾ ಸಾಮ್ರಾಜ್ಯದಿಂದ ವಲಸೆ ಬಂದ ಯಹೂದಿಗಳು. ತಂದೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಬಡವರ ವಠಾರಗಳಿಂದ ಕಿಕ್ಕಿರಿದಿದ್ದ ಆ ಪ್ರದೇಶದಲ್ಲಿ ಬೀದಿ ಹುಡುಗರ ಗುಂಪುಗಳ ನಡುವೆ ಹೊಡೆದಾಟಗಳು ಸಾಮಾನ್ಯವಾಗಿದ್ದವು. ಮುಂದೆ ಇವರ ಚಿತ್ರಗಳಲ್ಲಿ ಕಾಣುವ ಕಾಳಗದ ದೃಶ್ಯಗಳಿಗೆ ಈ ಬಾಲ್ಯಾನುಭವವೇ ಮೂಲವೆಂದು ಅವರು ಹೇಳಿಕೊಂಡಿದ್ದರು.

ಚಿತ್ರಕಲೆಯನ್ನು ಕ್ರಮವಾಗಿ ಕಲಿಯುವ ಅವಕಾಶ ಅವರಿಗೆ ದೊರೆಯಲಿಲ್ಲ. ಪ್ರಾಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾಶಾಲೆಗೆ ಸೇರಿ ಕೆಲವೇ ದಿನಗಳಲ್ಲಿ ಬಿಟ್ಟರು. ಪತ್ರಿಕೆಗಳ ವ್ಯಂಗ್ಯಚಿತ್ರಗಳನ್ನು ನೋಡಿ ನೋಡಿ ಸ್ವಂತವಾಗಿ ಕೈ ಪಳಗಿಸಿಕೊಂಡರು. ೧೯೩೬ರಲ್ಲಿ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಒದಗಿಸುವ ಸಂಸ್ಥೆಯೊಂದಕ್ಕೆ ಸೇರಿದರು. ಬಳಿಕ ಫ್ಲೈಶರ್ ಸ್ಟುಡಿಯೋದಲ್ಲಿ ಪಾಪಾಯ್ ಸಚಲಚಿತ್ರಗಳಿಗೆ, ಮುಖ್ಯ ಕಲಾವಿದರು ಬರೆದ ಎರಡು ಭಂಗಿಗಳ ನಡುವಿನ ಚಿತ್ರಗಳನ್ನು ಬರೆಯುವ ಕೆಲಸ ಮಾಡಿದರು. ಒಂದೇ ಬಗೆಯ ಚಿತ್ರಗಳನ್ನು ಸಾಲಾಗಿ ಬರೆಯುವ ಆ ಕೆಲಸ ತಂದೆಯ ಕಾರ್ಖಾನೆಯನ್ನು ನೆನಪಿಸುತ್ತಿತ್ತೆಂದು ಅದನ್ನೂ ಬಿಟ್ಟರು. ಹಲವು ಅಂಕಿತನಾಮಗಳನ್ನು ಬಳಸಿದ ನಂತರ ಜಾಕ್ ಕಿರ್ಬಿ ಎಂಬ ಹೆಸರನ್ನು ಸ್ಥಿರಪಡಿಸಿಕೊಂಡರು.

ಕ್ಯಾಪ್ಟನ್ ಅಮೆರಿಕ ಮತ್ತು ಯುದ್ಧಕಾಲ

ಫಾಕ್ಸ್ ಎಂಬ ಪ್ರಕಾಶನ ಸಂಸ್ಥೆಯಲ್ಲಿ ಕಿರ್ಬಿಯವರಿಗೆ ಜೋ ಸೈಮನ್ ಅವರ ಪರಿಚಯವಾಯಿತು. ಇಬ್ಬರೂ ಮಾರ್ಟಿನ್ ಗುಡ್‌ಮನ್ ಅವರ ಟೈಮ್ಲಿ ಕಾಮಿಕ್ಸ್ ಸಂಸ್ಥೆಗಾಗಿ ಕ್ಯಾಪ್ಟನ್ ಅಮೆರಿಕ ಪಾತ್ರವನ್ನು ಸೃಷ್ಟಿಸಿದರು. ಇದೇ ಸಂಸ್ಥೆ ಮುಂದೆ ಮಾರ್ವೆಲ್ ಎಂದು ಹೆಸರಾಯಿತು. ೧೯೪೧ರ ಮಾರ್ಚ್ ತಿಂಗಳ ದಿನಾಂಕ ಹೊತ್ತ ಮೊದಲ ಸಂಚಿಕೆ ೧೯೪೦ರ ಡಿಸೆಂಬರಿನಲ್ಲಿಯೇ ಮಾರಾಟಕ್ಕೆ ಬಂದಿತು. ಅದರ ಮುಖಪುಟದಲ್ಲಿ ನಾಯಕನು ಹಿಟ್ಲರನ ದವಡೆಗೆ ಗುದ್ದುವ ಚಿತ್ರವಿತ್ತು. ಅಮೆರಿಕ ಆಗ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಪರ್ಲ್ ಹಾರ್ಬರ್ ದಾಳಿ ನಡೆದದ್ದು ಸುಮಾರು ಒಂದು ವರ್ಷದ ಅನಂತರ. ಹತ್ತು ಲಕ್ಷದ ಸಮೀಪ ಪ್ರತಿಗಳು ಮಾರಾಟವಾದ ಈ ಪತ್ರಿಕೆಯ ವಿರುದ್ಧ ಅಮೆರಿಕದಲ್ಲಿದ್ದ ನಾಜಿ ಬೆಂಬಲಿಗರಿಂದ ಬೆದರಿಕೆಗಳು ಬಂದವೆಂದು ಸೈಮನ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ನಾಯಕನ ಪ್ರಧಾನ ಶತ್ರುವಾದ ರೆಡ್ ಸ್ಕಲ್ ಕೂಡ ಮೊದಲ ಸಂಚಿಕೆಯಲ್ಲಿಯೇ ಕಾಣಿಸಿಕೊಂಡನು.

ಒಪ್ಪಿಕೊಂಡಿದ್ದ ಲಾಭಾಂಶ ಸರಿಯಾಗಿ ಸಂದಾಯವಾಗುತ್ತಿಲ್ಲವೆಂಬ ಅಸಮಾಧಾನದಿಂದ ಇಬ್ಬರೂ ಹತ್ತು ಸಂಚಿಕೆಗಳ ಅನಂತರ ಹೊರಬಂದು, ಇಂದು ಡಿಸಿ ಎಂದು ಪ್ರಸಿದ್ಧವಾಗಿರುವ ನ್ಯಾಷನಲ್ ಸಂಸ್ಥೆಗೆ ಸೇರಿದರು. ಅಲ್ಲಿ ಅವರ 'ಬಾಯ್ ಕಮ್ಯಾಂಡೋಸ್' ಬಹು ಜನಪ್ರಿಯವಾಯಿತು. ಒಂದು ಸಂಸ್ಥೆಯಲ್ಲಿ ಮನಸ್ತಾಪವಾದಾಗ ಪ್ರತಿಸ್ಪರ್ಧಿ ಸಂಸ್ಥೆಗೆ ಹೋಗುವುದು ಕಿರ್ಬಿಯವರ ಜೀವನದಲ್ಲಿ ಮುಂದೆಯೂ ಹಲವು ಬಾರಿ ನಡೆಯಿತು.

೧೯೪೨ರಲ್ಲಿ ರೋಸಲಿಂಡ್ (ರೋಜ್) ಗೋಲ್ಡ್‌ಸ್ಟೀನ್ ಅವರೊಡನೆ ವಿವಾಹವಾಯಿತು. ದಂಪತಿಗೆ ನಾಲ್ವರು ಮಕ್ಕಳು. ೧೯೪೩ರಲ್ಲಿ ಸೈನ್ಯಕ್ಕೆ ಕರೆ ಬಂದಿತು. ೧೯೪೪ರ ಆಗಸ್ಟಿನಲ್ಲಿ ಕಿರ್ಬಿ ಫ್ರಾನ್ಸಿನ ನಾರ್ಮಂಡಿ ತೀರವನ್ನು ತಲುಪಿ, ಜನರಲ್ ಪ್ಯಾಟನ್ ಅವರ ಮೂರನೆಯ ಸೇನೆಯಲ್ಲಿ ಪದಾತಿಯಾಗಿ ಹೋರಾಡಿದರು. ಇವರು ಚಿತ್ರಕಾರರೆಂದು ತಿಳಿದ ಅಧಿಕಾರಿಯೊಬ್ಬರು, ಶತ್ರುಗಳಿದ್ದ ಪ್ರದೇಶಕ್ಕೆ ಮುಂದಾಗಿ ಹೋಗಿ ನಕ್ಷೆಗಳನ್ನು ಬರೆದು ತರುವ ಅಪಾಯಕಾರಿ ಕೆಲಸವನ್ನು ಒಪ್ಪಿಸಿದರೆಂದು ಕಿರ್ಬಿ ನೆನಪಿಸಿಕೊಂಡಿದ್ದಾರೆ. ಆ ಚಳಿಗಾಲದಲ್ಲಿ ಹಿಮದಿಂದ ಕಾಲುಗಳು ತೀವ್ರವಾಗಿ ಹಾನಿಗೊಂಡು ಆಸ್ಪತ್ರೆ ಸೇರಬೇಕಾಯಿತು. ೧೯೪೫ರ ಜುಲೈನಲ್ಲಿ ಸೇವೆಯಿಂದ ಬಿಡುಗಡೆ ಹೊಂದಿದರು.

ಯುದ್ಧಾನಂತರದ ವರ್ಷಗಳು

ಯುದ್ಧದ ಬಳಿಕ ಸೂಪರ್‌ಹೀರೋ ಕಥೆಗಳ ಜನಪ್ರಿಯತೆ ಕುಗ್ಗಿತು. ಸೈಮನ್ ಮತ್ತು ಕಿರ್ಬಿ ೧೯೪೭ರಲ್ಲಿ 'ಯಂಗ್ ರೊಮಾನ್ಸ್' ಪತ್ರಿಕೆಯ ಮೂಲಕ ಪ್ರೇಮಕಥೆಗಳ ಕಾಮಿಕ್ಸ್ ಎಂಬ ಹೊಸ ಪ್ರಕಾರಕ್ಕೆ ನಾಂದಿ ಹಾಡಿದರು. ಅನಂತರ ಸ್ವಂತ ಪ್ರಕಾಶನವನ್ನೂ ಆರಂಭಿಸಿದರು. ಆದರೆ ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತವೆಂಬ ಆರೋಪದಿಂದ ೧೯೫೪ರಲ್ಲಿ ಕಾಮಿಕ್ಸ್ ನೀತಿಸಂಹಿತೆ ಜಾರಿಗೆ ಬಂದು ಇಡೀ ಉದ್ಯಮವೇ ಕುಸಿಯಿತು. ಪ್ರಕಾಶನ ಮುಚ್ಚಿತು, ಇಬ್ಬರ ಪಾಲುದಾರಿಕೆಯೂ ಕೊನೆಗೊಂಡಿತು. ಕಿರ್ಬಿ ಮತ್ತೆ ಡಿಸಿಗೆ ಹೋಗಿ ೧೯೫೭ರಲ್ಲಿ 'ಚಾಲೆಂಜರ್ಸ್ ಆಫ್ ದಿ ಅನ್‌ನೋನ್' ತಂಡವನ್ನು ಚಿತ್ರಿಸಿದರು. ಪತ್ರಿಕಾ ಧಾರಾವಾಹಿಯೊಂದರ ಹಣದ ವಿಚಾರವಾಗಿ ಅಲ್ಲಿನ ಸಂಪಾದಕರೊಬ್ಬರೊಡನೆ ವ್ಯಾಜ್ಯವುಂಟಾಗಿ ಆ ಬಾಗಿಲೂ ಮುಚ್ಚಿತು. ಮುಂದೆ ಮಾರ್ವೆಲ್ ಆಗಲಿದ್ದ ಗುಡ್‌ಮನ್ ಅವರ ಸಂಸ್ಥೆಗೇ ಅವರು ಮರಳಿದರು. ಆಗ ಅದು ಮುಚ್ಚುವ ಸ್ಥಿತಿಯಲ್ಲಿತ್ತು.

ಮಾರ್ವೆಲ್ ಕಥಾಲೋಕ

ಸಂಪಾದಕ ಹಾಗೂ ಲೇಖಕ ಸ್ಟಾನ್ ಲೀ ಅವರೊಡನೆ ಕಿರ್ಬಿ ೧೯೬೧ರಲ್ಲಿ 'ಫೆಂಟಾಸ್ಟಿಕ್ ಫೋರ್' ಆರಂಭಿಸಿದರು. ಮುಂದಿನ ಎರಡು ವರ್ಷಗಳಲ್ಲಿ ಹಲ್ಕ್, ಥಾರ್, ಎಕ್ಸ್-ಮೆನ್ ಮತ್ತು ಅವೆಂಜರ್ಸ್ ಬಂದವು. ೧೯೬೪ರಲ್ಲಿ ಕ್ಯಾಪ್ಟನ್ ಅಮೆರಿಕನನ್ನು ಹಿಮಗಡ್ಡೆಯಿಂದ ಮರಳಿ ಎಬ್ಬಿಸಲಾಯಿತು. ೧೯೬೬ರಲ್ಲಿ ಅಮೆರಿಕದ ಮುಖ್ಯವಾಹಿನಿಯ ಕಾಮಿಕ್ಸ್‌ನ ಮೊದಲ ಕಪ್ಪುವರ್ಣೀಯ ಸೂಪರ್‌ಹೀರೋ ಎನಿಸಿದ ಬ್ಲ್ಯಾಕ್ ಪ್ಯಾಂಥರ್ ಬಂದನು. ಡಿಸಿಯ ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನ್ ಮೆಟ್ರೊಪೊಲಿಸ್, ಗೋಥಮ್ ಎಂಬ ಕಲ್ಪಿತ ನಗರಗಳಲ್ಲಿ ವಾಸಿಸುತ್ತಿದ್ದರೆ, ಮಾರ್ವೆಲ್ ನಾಯಕರು ನ್ಯೂಯಾರ್ಕಿನ ನಿಜವಾದ ಬೀದಿಗಳಲ್ಲಿ ಓಡಾಡಿದರು. ತಮ್ಮ ತಮ್ಮಲ್ಲೇ ಜಗಳವಾಡಿದರು. ಒಂದು ಪತ್ರಿಕೆಯ ಪಾತ್ರಗಳು ಇನ್ನೊಂದರಲ್ಲಿ ಕಾಣಿಸಿಕೊಂಡವು. ಪರಸ್ಪರ ಹೆಣೆದುಕೊಂಡ ಕಥಾಲೋಕವೆಂಬ ಕಲ್ಪನೆ ಹೀಗೆ ಗಟ್ಟಿಯಾಯಿತು.

ಈ ಕಥೆಗಳು ಸಿದ್ಧವಾಗುತ್ತಿದ್ದ ಕ್ರಮ ಮುಂದಿನ ವಿವಾದಕ್ಕೆ ಮೂಲವಾಯಿತು. ಮೊದಲು ಲೀ ಮತ್ತು ಕಿರ್ಬಿ ಕಥೆಯ ಸ್ಥೂಲ ಎಳೆಯನ್ನು ಚರ್ಚಿಸುತ್ತಿದ್ದರು. ಬಳಿಕ ಕಿರ್ಬಿ ಮನೆಯಲ್ಲಿ ಕುಳಿತು, ಯಾವ ದೃಶ್ಯದ ಅನಂತರ ಯಾವುದು ಬರಬೇಕೆಂದು ತಾವೇ ನಿರ್ಧರಿಸಿ, ಪುಟಗಳ ಅಂಚಿನಲ್ಲಿ ಟಿಪ್ಪಣಿ ಬರೆದು ಇಡೀ ಸಂಚಿಕೆಯನ್ನು ಚಿತ್ರಿಸಿ ಕೊಡುತ್ತಿದ್ದರು. ಲೀ ಅದಕ್ಕೆ ಸಂಭಾಷಣೆ ಬರೆಯುತ್ತಿದ್ದರು. ಅಚ್ಚಿನಲ್ಲಿ ಬಹುತೇಕ ಲೀ ಲೇಖಕರೆಂದೂ ಕಿರ್ಬಿ ಚಿತ್ರಕಾರರೆಂದೂ ನಮೂದಾಗುತ್ತಿತ್ತು. ೧೯೬೬ರ ಗ್ಯಾಲಾಕ್ಟಸ್ ಕಥೆ ಇದಕ್ಕೊಂದು ಉದಾಹರಣೆ. ಗ್ಯಾಲಾಕ್ಟಸ್‌ನ ದೂತನಾದ ಸಿಲ್ವರ್ ಸರ್ಫರ್ ಲೀ ಜೊತೆಗಿನ ಚರ್ಚೆಯಲ್ಲಿ ಇರಲೇ ಇಲ್ಲ; ಕಿರ್ಬಿ ಚಿತ್ರಿಸುವಾಗ ತಾವಾಗಿ ಸೇರಿಸಿದ ಪಾತ್ರವದು. ಇದನ್ನು ಲೀ ಕೂಡ ಒಪ್ಪಿಕೊಂಡಿದ್ದರು.

ಕಿರ್ಬಿಯವರಿಗೆ ದೊರೆಯುತ್ತಿದ್ದುದು ಪುಟಕ್ಕೆ ಇಷ್ಟೆಂಬ ಸಂಭಾವನೆ ಮಾತ್ರ. ೧೯೬೬ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬಂದ ಲೇಖನ ಲೀ ಅವರನ್ನು ಕೊಂಡಾಡಿ ಕಿರ್ಬಿಯವರನ್ನು ಲಘುವಾಗಿ ಚಿತ್ರಿಸಿತು. ಇದರಿಂದ ಕಿರ್ಬಿ ದಂಪತಿ ಬಹಳವಾಗಿ ನೊಂದರು. ೧೯೬೮ರಲ್ಲಿ ಸಂಸ್ಥೆಯ ಒಡೆತನ ಬದಲಾಯಿತು. ಹೊಸ ಒಡೆಯರು ೧೯೭೦ರಲ್ಲಿ ಮುಂದಿಟ್ಟ ಒಪ್ಪಂದದ ಷರತ್ತುಗಳು ತೃಪ್ತಿಕರವಾಗಿರಲಿಲ್ಲ. ಅದೇ ವರ್ಷ ಕಿರ್ಬಿ ಡಿಸಿಗೆ ಹೊರಟರು.

ಡಿಸಿ ಮತ್ತು ನಾಲ್ಕನೆಯ ಲೋಕ

ಡಿಸಿಯಲ್ಲಿ ಕಿರ್ಬಿ ಲೇಖಕ, ಚಿತ್ರಕಾರ, ಸಂಪಾದಕ ಈ ಮೂರೂ ಹೊಣೆಗಳನ್ನು ಹೊತ್ತರು. ಸೂಪರ್‌ಮ್ಯಾನ್‌ನ ಗೆಳೆಯ ಜಿಮ್ಮಿ ಓಲ್ಸನ್ ಹೆಸರಿನ ಪತ್ರಿಕೆಯನ್ನು ಮೊದಲು ಕೈಗೆತ್ತಿಕೊಂಡು, ೧೯೭೦ರ ಕೊನೆಯಲ್ಲಿ ಅದರಲ್ಲಿಯೇ ಡಾರ್ಕ್‌ಸೈಡ್ ಪಾತ್ರವನ್ನು ಪರಿಚಯಿಸಿದರು. ೧೯೭೧ರಲ್ಲಿ 'ನ್ಯೂ ಗಾಡ್ಸ್', 'ಫಾರೆವರ್ ಪೀಪಲ್', 'ಮಿಸ್ಟರ್ ಮಿರಾಕಲ್' ಎಂಬ ಮೂರು ಹೊಸ ಪತ್ರಿಕೆಗಳು ಹೊರಬಂದವು. ಈ ನಾಲ್ಕರಲ್ಲಿಯೂ ಹರಡಿಕೊಂಡ ಒಂದೇ ಮಹಾಕಥೆಯನ್ನು 'ನಾಲ್ಕನೆಯ ಲೋಕ' ಎಂದು ಕರೆಯುತ್ತಾರೆ.

ಹಳೆಯ ದೇವತೆಗಳು ಅಳಿದ ಮೇಲೆ ಹುಟ್ಟಿದ ನ್ಯೂ ಜೆನೆಸಿಸ್ ಮತ್ತು ಅಪೊಕೊಲಿಪ್ಸ್ ಎಂಬ ಎರಡು ಲೋಕಗಳ ಯುದ್ಧ ಇದರ ವಸ್ತು. ಹಿಂದೊಮ್ಮೆ ಶಾಂತಿಗಾಗಿ ಎರಡೂ ಲೋಕಗಳ ಅಧಿಪತಿಗಳು ತಮ್ಮ ಮಕ್ಕಳನ್ನು ಪರಸ್ಪರ ಬದಲಾಯಿಸಿಕೊಂಡಿರುತ್ತಾರೆ. ಡಾರ್ಕ್‌ಸೈಡ್‌ನ ಮಗ ಓರಿಯನ್ ಶತ್ರುಗಳ ನಡುವೆ ಪ್ರೀತಿಯಿಂದ ಬೆಳೆದು ತಂದೆಯ ವಿರುದ್ಧವೇ ನಿಲ್ಲುತ್ತಾನೆ. ಇತ್ತ ಸಜ್ಜನರ ಮಗ ಅಪೊಕೊಲಿಪ್ಸ್‌ನ ಕ್ರೂರ ಅನಾಥಾಲಯದಲ್ಲಿ ಬೆಳೆದು, ಯಾವ ಬಂಧನದಿಂದಲೂ ಪಾರಾಗಬಲ್ಲ ಮಿಸ್ಟರ್ ಮಿರಾಕಲ್ ಆಗುತ್ತಾನೆ.

ಆದರೆ ಡಿಸಿಯಲ್ಲಿಯೂ ಕಿರ್ಬಿಯವರಿಗೆ ಪೂರ್ಣ ಸ್ವಾತಂತ್ರ್ಯವಿರಲಿಲ್ಲ. ಇವರು ಬರೆದ ಸೂಪರ್‌ಮ್ಯಾನ್ ಮುಖ ಸಂಸ್ಥೆಯ ನಿಗದಿತ ಮಾದರಿಯಂತಿಲ್ಲವೆಂದು ಬೇರೆ ಕಲಾವಿದರಿಂದ ಅದನ್ನು ತಿದ್ದಿಸಲಾಯಿತು. ೧೯೭೨ರಲ್ಲಿ 'ನ್ಯೂ ಗಾಡ್ಸ್' ಮತ್ತು 'ಫಾರೆವರ್ ಪೀಪಲ್' ತಲಾ ಹನ್ನೊಂದು ಸಂಚಿಕೆಗಳಿಗೆ ನಿಂತುಹೋದವು. ಆದಿ, ಮಧ್ಯ, ಅಂತ್ಯಗಳಿರುವ ಒಂದು ದೊಡ್ಡ ಕೃತಿಯಾಗಬೇಕೆಂದು ಕಿರ್ಬಿ ಯೋಜಿಸಿದ್ದ ಕಥೆ ನಡುವೆಯೇ ಕಡಿದುಹೋಯಿತು. ಆ ಬಳಿಕ 'ಕಮಾಂಡಿ', 'ದಿ ಡೀಮನ್', 'ಓಮ್ಯಾಕ್' ಮೊದಲಾದವನ್ನು ರಚಿಸಿ, ೧೯೭೫ರಲ್ಲಿ ಮಾರ್ವೆಲ್‌ಗೆ ಮರಳಿ, ಅಲ್ಲಿ ೧೯೭೬ರಲ್ಲಿ 'ದಿ ಎಟರ್ನಲ್ಸ್' ಆರಂಭಿಸಿದರು.

ಎರಡು ಲೋಕಗಳ ಖಳನಾಯಕರು

ಎರಡು ಸಂಸ್ಥೆಗಳ ಖಳನಾಯಕರನ್ನು ಹೋಲಿಸುವಾಗ ಕಿರ್ಬಿಯವರ ಪಾತ್ರಗಳು ಅನಿವಾರ್ಯವಾಗಿ ಮುಂದೆ ಬರುತ್ತವೆ. ೧೯೬೨ರ ಡಾಕ್ಟರ್ ಡೂಮ್ ಗಾಯಗೊಂಡ ಮುಖವನ್ನು ಲೋಹದ ಮುಖವಾಡದ ಹಿಂದೆ ಮರೆಸಿಕೊಂಡ ದೊರೆ. ಅವನ ಕೇಡಿನ ಮೂಲ ಗಾಯಗೊಂಡ ಅಹಂಕಾರ. ಅದೇ ವರ್ಷದ ಲೋಕಿ, ನಾರ್ಸ್ ಪುರಾಣದಿಂದ ತೆಗೆದುಕೊಂಡ ಮತ್ಸರಗ್ರಸ್ತ ಸಹೋದರ. ೧೯೬೩ರ ಮ್ಯಾಗ್ನೀಟೋ ತನ್ನ ಕುಲವೇ ಜಗತ್ತನ್ನು ಆಳಬೇಕೆಂದು ಬಯಸುವವನು. ಇವನು ನಾಜಿ ಶಿಬಿರಗಳಿಂದ ಬದುಕುಳಿದವನೆಂಬ ಹಿನ್ನೆಲೆಯನ್ನು ಬಹುಕಾಲದ ಅನಂತರ ಕ್ರಿಸ್ ಕ್ಲೇರ್‌ಮಾಂಟ್ ಸೇರಿಸಿದರು. ಅದು ಲೀ ಮತ್ತು ಕಿರ್ಬಿಯವರ ಕಲ್ಪನೆಯಲ್ಲ. ಗ್ರಹಗಳನ್ನು ನುಂಗುವ ಗ್ಯಾಲಾಕ್ಟಸ್‌ನಿಗೆ ಯಾರ ಮೇಲೂ ದ್ವೇಷವಿಲ್ಲ; ಅವನಿಗಿರುವುದು ಹಸಿವು ಮಾತ್ರ.

ಡಾರ್ಕ್‌ಸೈಡ್ ಇವರೆಲ್ಲರಿಗಿಂತ ಭಿನ್ನ. ಅವನಿಗೆ ಸಂಪತ್ತೂ ಬೇಡ, ಸೇಡೂ ಬೇಡ. ಎಲ್ಲ ಜೀವಿಗಳ ಸ್ವಂತ ಇಚ್ಛೆಯನ್ನು ಅಳಿಸಿಹಾಕುವ ಒಂದು ಸೂತ್ರವನ್ನು ಅವನು ಹುಡುಕುತ್ತಿರುತ್ತಾನೆ. ಯುದ್ಧರಂಗದಲ್ಲಿ ನಾಜಿ ಸೈನ್ಯವನ್ನು ಎದುರಿಸಿದ ಕಲಾವಿದರೊಬ್ಬರು ಸರ್ವಾಧಿಕಾರವನ್ನು ಹೇಗೆ ಕಂಡರೆಂಬುದನ್ನು ಈ ಪಾತ್ರ ತೋರಿಸುತ್ತದೆಂದು ವಿಮರ್ಶಕರು ಗುರುತಿಸಿದ್ದಾರೆ. ಹಾಗೆ ನೋಡಿದರೆ ೧೯೪೧ರ ರೆಡ್ ಸ್ಕಲ್‌ನಿಂದ ೧೯೭೦ರ ಡಾರ್ಕ್‌ಸೈಡ್‌ವರೆಗೆ, ಎರಡು ಸಂಸ್ಥೆಗಳ ಗಡಿಯನ್ನು ದಾಟಿ, ಒಂದೇ ಚಿಂತನೆ ಬೆಳೆದುಬಂದಿದೆ. ಮಾರ್ವೆಲ್‌ನ ಥ್ಯಾನೋಸ್ ಪಾತ್ರವನ್ನು ೧೯೭೩ರಲ್ಲಿ ಸೃಷ್ಟಿಸಿದ ಜಿಮ್ ಸ್ಟಾರ್ಲಿನ್, ಅದರ ರೂಪಕ್ಕೆ ಕಿರ್ಬಿಯವರ 'ನ್ಯೂ ಗಾಡ್ಸ್' ಪಾತ್ರಗಳೇ ಪ್ರೇರಣೆಯೆಂದು ಹೇಳಿದ್ದಾರೆ.

ಚಿತ್ರಶೈಲಿ

ಕಿರ್ಬಿಯವರ ಚಿತ್ರಗಳಲ್ಲಿ ಆಕೃತಿಗಳು ಚೌಕಟ್ಟನ್ನು ಮೀರಿ ಓದುಗನತ್ತ ನುಗ್ಗಿಬರುವಂತೆ ಇರುತ್ತವೆ. ಅಂಗರಚನೆಯ ಕರಾರುವಾಕ್ಕುತನಕ್ಕಿಂತ ಚಲನೆಯ ಬಲಕ್ಕೆ ಅವರು ಹೆಚ್ಚು ಮಹತ್ವ ಕೊಟ್ಟರು. ಚೌಕಾಕಾರದ ಬೆರಳುಗಳು, ಬೃಹತ್ತಾದ ವಿಚಿತ್ರ ಯಂತ್ರಗಳು, ಇಡೀ ಪುಟವನ್ನು ಅಥವಾ ಎರಡು ಪುಟಗಳನ್ನು ಆವರಿಸುವ ದೃಶ್ಯಗಳು ಅವರ ಗುರುತುಗಳು. ಅಗೋಚರ ಶಕ್ತಿಯನ್ನು ಸೂಚಿಸಲು ಅವರು ಬಳಸುತ್ತಿದ್ದ ಕಪ್ಪು ಬೊಟ್ಟುಗಳ ಗುಂಪಿಗೆ 'ಕಿರ್ಬಿ ಕ್ರ್ಯಾಕಲ್' ಎಂಬ ಹೆಸರೇ ಬಂದಿದೆ. ಛಾಯಾಚಿತ್ರಗಳ ತುಣುಕುಗಳನ್ನು ಅಂಟಿಸಿ ಬಾಹ್ಯಾಕಾಶದ ದೃಶ್ಯಗಳನ್ನೂ ರಚಿಸುತ್ತಿದ್ದರು.

ಸಚಲಚಿತ್ರ ಹಾಗೂ 'ಲಾರ್ಡ್ ಆಫ್ ಲೈಟ್'

೧೯೭೮ರಲ್ಲಿ ಮಾರ್ವೆಲ್ ಬಿಟ್ಟ ಕಿರ್ಬಿ ದೂರದರ್ಶನದ ಸಚಲಚಿತ್ರ ಕ್ಷೇತ್ರಕ್ಕೆ ಹೋದರು. 'ಥಂಡಾರ್ ದಿ ಬಾರ್ಬೇರಿಯನ್' ಸರಣಿಗೆ ಪಾತ್ರ ಮತ್ತು ಹಿನ್ನೆಲೆಗಳ ವಿನ್ಯಾಸ ಮಾಡಿದರು. ಪುಟಕ್ಕಿಷ್ಟೆಂಬ ಸಂಭಾವನೆಯಿಂದ ಬಿಡುಗಡೆ ಹೊಂದಿ, ಉತ್ತಮ ವೇತನವನ್ನೂ ಆರೋಗ್ಯ ವಿಮೆಯನ್ನೂ ಪಡೆದದ್ದು ಅಲ್ಲಿಯೇ.

ಇದೇ ಕಾಲದಲ್ಲಿ ರೋಜರ್ ಝೆಲಾಜ್ನಿ ಅವರ 'ಲಾರ್ಡ್ ಆಫ್ ಲೈಟ್' ಕಾದಂಬರಿಯನ್ನು ಆಧರಿಸಿದ ಚಲನಚಿತ್ರಕ್ಕಾಗಿ ಕಿರ್ಬಿ ವಿನ್ಯಾಸಚಿತ್ರಗಳನ್ನು ರಚಿಸಿದರು. ಬ್ರಹ್ಮ, ಯಮ ಮೊದಲಾದ ಹಿಂದೂ ದೇವತೆಗಳ ಹೆಸರು ಮತ್ತು ಅಧಿಕಾರಗಳನ್ನು ಧರಿಸಿದ ಮನುಷ್ಯರು ದೂರದ ಗ್ರಹವೊಂದನ್ನು ಆಳುವ, ಅವರ ವಿರುದ್ಧ ಬುದ್ಧನನ್ನು ಹೋಲುವ ನಾಯಕ ದಂಗೆಯೇಳುವ ಕಥೆ ಅದು. ಆ ಚಿತ್ರ ತಯಾರಾಗಲಿಲ್ಲ. ಆದರೆ ಟೆಹರಾನಿನಲ್ಲಿ ಸಿಕ್ಕಿಬಿದ್ದ ಆರು ಮಂದಿ ಅಮೆರಿಕನ್ ರಾಜತಾಂತ್ರಿಕರನ್ನು ೧೯೮೦ರ ಜನವರಿಯಲ್ಲಿ ಪಾರುಮಾಡಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಹೂಡಿದ ನಕಲಿ ಚಲನಚಿತ್ರದ ನಾಟಕದಲ್ಲಿ 'ಆರ್ಗೋ' ಎಂಬ ಹೆಸರಿನಡಿ ಈ ಚಿತ್ರಗಳನ್ನೇ ಬಳಸಲಾಯಿತು. ಸಂಸ್ಥೆಯ ಪಾತ್ರ ಬಹಿರಂಗವಾದದ್ದು ೧೯೯೭ರಲ್ಲಿ. ಕಿರ್ಬಿ ಆ ವೇಳೆಗೆ ತೀರಿಕೊಂಡಿದ್ದರು. ಈ ಘಟನೆಯನ್ನು ಆಧರಿಸಿದ 'ಆರ್ಗೋ' ಚಲನಚಿತ್ರ ೨೦೧೨ರಲ್ಲಿ ತೆರೆಕಂಡಿತು.

ಮೂಲಚಿತ್ರಗಳ ವಿವಾದ

ಮುದ್ರಣಕ್ಕಾಗಿ ಬರೆದುಕೊಟ್ಟ ಮೂಲಚಿತ್ರಗಳನ್ನು ಕಲಾವಿದರಿಗೆ ಹಿಂದಿರುಗಿಸುವ ಪದ್ಧತಿ ಹಿಂದೆ ಇರಲಿಲ್ಲ. ೧೯೮೦ರ ದಶಕದಲ್ಲಿ ಮಾರ್ವೆಲ್ ಹಳೆಯ ಚಿತ್ರಗಳನ್ನು ಹಿಂದಿರುಗಿಸತೊಡಗಿದಾಗ, ಇತರರಿಗೆ ಒಂದು ಪುಟದ ಸರಳ ಪತ್ರವನ್ನು ಕಳುಹಿಸಿ, ಕಿರ್ಬಿಯವರಿಗೆ ಮಾತ್ರ ನಾಲ್ಕು ಪುಟಗಳ ಕಠಿಣ ಷರತ್ತುಗಳ ಪತ್ರವನ್ನು ಕಳುಹಿಸಿತು. ಅದರಲ್ಲಿ ೮೮ ಪುಟಗಳನ್ನಷ್ಟೇ ಹಿಂದಿರುಗಿಸುವ ಪ್ರಸ್ತಾಪವಿತ್ತು. ಕಿರ್ಬಿ ಸಂಸ್ಥೆಗಾಗಿ ಬರೆದ ಪುಟಗಳು ಹತ್ತು ಸಾವಿರಕ್ಕೂ ಮಿಗಿಲು. ಅವರು ಸಹಿ ಹಾಕಲಿಲ್ಲ. ಅನೇಕ ಲೇಖಕರೂ ಕಲಾವಿದರೂ ಅವರ ಪರವಾಗಿ ಬಹಿರಂಗವಾಗಿ ನಿಂತರು. ಕೊನೆಗೆ ೧೯೮೭ರಲ್ಲಿ ಸುಮಾರು ಎರಡು ಸಾವಿರ ಪುಟಗಳು ಮರಳಿ ದೊರೆತವು. ಉಳಿದವುಗಳಲ್ಲಿ ಅನೇಕವು ಕಳೆದುಹೋಗಿದ್ದವು, ಇಲ್ಲವೇ ಕಳವಾಗಿದ್ದವು.

ಇದೇ ಅವಧಿಯಲ್ಲಿ ಡಿಸಿಯ ನಡೆ ಬೇರೆಯಾಗಿತ್ತು. ಡಾರ್ಕ್‌ಸೈಡ್ ಮೊದಲಾದ ಪಾತ್ರಗಳ ಆಟಿಕೆಗಳು ೧೯೮೦ರ ದಶಕದ ಮಧ್ಯಭಾಗದಲ್ಲಿ ಮಾರುಕಟ್ಟೆಗೆ ಬರುವಾಗ, ಆ ಪಾತ್ರಗಳ ವಿನ್ಯಾಸವನ್ನು ಪರಿಷ್ಕರಿಸುವ ಕೆಲಸವನ್ನು ಕಿರ್ಬಿಯವರಿಗೇ ಒಪ್ಪಿಸಿ, ಆ ಮೂಲಕ ಅವರಿಗೆ ರಾಯಧನ ದೊರೆಯುವಂತೆ ಮಾಡಲಾಯಿತು. 'ನ್ಯೂ ಗಾಡ್ಸ್' ಕಥೆಗೆ ಒಂದು ಮುಕ್ತಾಯ ಕೊಡುವ ಅವಕಾಶವೂ ೧೯೮೫ರ 'ಹಂಗರ್ ಡಾಗ್ಸ್' ಕೃತಿಯ ಮೂಲಕ ದೊರೆಯಿತು.

ನಿಧನ

ಕಿರ್ಬಿ ತಮ್ಮ ಕೊನೆಯ ವರ್ಷಗಳನ್ನು ಕ್ಯಾಲಿಫೋರ್ನಿಯಾದ ಥೌಸಂಡ್ ಓಕ್ಸ್ ಊರಿನಲ್ಲಿ ಕಳೆದರು. ಮನೆಗೆ ಬರುವ ಎಳೆಯ ಅಭಿಮಾನಿಗಳನ್ನು ದಂಪತಿ ಊಟ ಉಪಚಾರಗಳೊಡನೆ ಆದರಿಸುತ್ತಿದ್ದರು. ೧೯೯೪ರ ಫೆಬ್ರವರಿ ೬ರಂದು ತಮ್ಮ ೭೬ನೆಯ ವಯಸ್ಸಿನಲ್ಲಿ ಹೃದಯ ವೈಫಲ್ಯದಿಂದ ಸ್ವಗೃಹದಲ್ಲಿ ನಿಧನರಾದರು. ಪತ್ನಿ ರೋಜ್ ೧೯೯೭ರಲ್ಲಿ ತೀರಿಕೊಂಡರು.

ಚಲನಚಿತ್ರಗಳು

ಕಿರ್ಬಿಯವರ ಪಾತ್ರಗಳು ದೊಡ್ಡ ಪರದೆಯ ಮೇಲೆ ವಿಜೃಂಭಿಸಿದ್ದು ಅವರ ಮರಣಾನಂತರ. ೨೦೦೦ದ 'ಎಕ್ಸ್-ಮೆನ್' ಚಿತ್ರದಲ್ಲಿ ಮ್ಯಾಗ್ನೀಟೋ, ೨೦೧೧ರ 'ಕ್ಯಾಪ್ಟನ್ ಅಮೆರಿಕ' ಚಿತ್ರದಲ್ಲಿ ರೆಡ್ ಸ್ಕಲ್, ೨೦೧೧ರ 'ಥಾರ್' ಮತ್ತು ೨೦೧೨ರ 'ದಿ ಅವೆಂಜರ್ಸ್' ಚಿತ್ರಗಳಲ್ಲಿ ಲೋಕಿ, ೨೦೧೭ರ 'ಥಾರ್: ರಾಗ್ನರಾಕ್' ಚಿತ್ರದಲ್ಲಿ ಹೆಲಾ ಪ್ರಧಾನ ಖಳರಾಗಿದ್ದಾರೆ. 'ರಾಗ್ನರಾಕ್' ಚಿತ್ರದ ಬಣ್ಣ ಮತ್ತು ಅಲಂಕರಣಗಳು ಕಿರ್ಬಿಯವರ ಪುಟಗಳನ್ನೇ ಮಾದರಿಯಾಗಿ ಇಟ್ಟುಕೊಂಡಿವೆ. ೨೦೦೭ರ 'ಫೆಂಟಾಸ್ಟಿಕ್ ಫೋರ್' ಚಿತ್ರ ಗ್ಯಾಲಾಕ್ಟಸ್‌ನನ್ನು ಕೇವಲ ಮೋಡದಂತೆ ತೋರಿಸಿದ್ದಕ್ಕೆ ಓದುಗರು ಬೇಸರಗೊಂಡಿದ್ದರು. ೨೦೨೫ರ 'ದಿ ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್' ಚಿತ್ರದಲ್ಲಿ ಅವನು ಕಿರ್ಬಿ ಕಲ್ಪಿಸಿದ ದೈತ್ಯರೂಪದಲ್ಲಿ ಬಂದನು.

ಡಿಸಿಯ ಚಿತ್ರಗಳಲ್ಲಿ ಕಿರ್ಬಿಯವರ ಲೋಕ ಅಷ್ಟು ನೆಲೆಗೊಳ್ಳಲಿಲ್ಲ. ೨೦೧೭ರ 'ಜಸ್ಟೀಸ್ ಲೀಗ್' ಚಿತ್ರದ ಖಳ ಸ್ಟೆಪನ್‌ವುಲ್ಫ್ 'ನ್ಯೂ ಗಾಡ್ಸ್' ಕಥೆಗೆ ಸೇರಿದವನು. ಆದರೆ ಅವನ ಒಡೆಯನಾದ ಡಾರ್ಕ್‌ಸೈಡ್ ಪರದೆಯ ಮೇಲೆ ಬಂದದ್ದು ೨೦೨೧ರಲ್ಲಿ ಬಿಡುಗಡೆಯಾದ ಝ್ಯಾಕ್ ಸ್ನೈಡರ್ ಅವರ ಆವೃತ್ತಿಯಲ್ಲಿ. 'ನ್ಯೂ ಗಾಡ್ಸ್' ಕುರಿತ ಪ್ರತ್ಯೇಕ ಚಿತ್ರದ ಯೋಜನೆ ಅದೇ ವರ್ಷ ರದ್ದಾಯಿತು. ಅಷ್ಟರಲ್ಲಿ ಥ್ಯಾನೋಸ್ ೨೦೧೮ ಮತ್ತು ೨೦೧೯ರ ಅವೆಂಜರ್ಸ್ ಚಿತ್ರಗಳ ಮೂಲಕ ವಿಶ್ವವಿಖ್ಯಾತನಾಗಿದ್ದನು. ಹೀಗಾಗಿ ಚಲನಚಿತ್ರವನ್ನಷ್ಟೇ ನೋಡಿದವರಿಗೆ ಡಾರ್ಕ್‌ಸೈಡ್ ಥ್ಯಾನೋಸ್‌ನ ಅನುಕರಣೆಯೆಂದು ತೋರುವುದುಂಟು. ಕಾಮಿಕ್ಸ್ ಇತಿಹಾಸದಲ್ಲಿ ಕ್ರಮ ಇದಕ್ಕೆ ವಿರುದ್ಧವಾಗಿದೆ.

ಹಕ್ಕುಸ್ವಾಮ್ಯದ ವ್ಯಾಜ್ಯ

೨೦೦೯ರಲ್ಲಿ ಡಿಸ್ನಿ ಸಂಸ್ಥೆ ಸುಮಾರು ೪೦೦ ಕೋಟಿ ಡಾಲರುಗಳಿಗೆ ಮಾರ್ವೆಲ್ ಕೊಳ್ಳುವುದಾಗಿ ಪ್ರಕಟಿಸಿದ ಕೆಲವೇ ವಾರಗಳಲ್ಲಿ, ಕಿರ್ಬಿಯವರ ಉತ್ತರಾಧಿಕಾರಿಗಳು ೧೯೫೮ರಿಂದ ೧೯೬೩ರವರೆಗಿನ ಕೃತಿಗಳ ಹಕ್ಕುಸ್ವಾಮ್ಯವನ್ನು ಮರಳಿ ಪಡೆಯಲು ನೋಟಿಸುಗಳನ್ನು ನೀಡಿದರು. ಆ ಕೃತಿಗಳು ಸಂಸ್ಥೆಯ ಬೇಡಿಕೆಯ ಮೇರೆಗೆ, ಅದರ ಖರ್ಚಿನಲ್ಲಿ ಸಿದ್ಧವಾದವು ಎಂಬ ಕಾರಣದಿಂದ ೨೦೧೧ರಲ್ಲಿ ನ್ಯಾಯಾಲಯ ಮಾರ್ವೆಲ್ ಪರವಾಗಿ ತೀರ್ಪಿತ್ತಿತು. ೨೦೧೩ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಉತ್ತರಾಧಿಕಾರಿಗಳು ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. ಮನವಿಯನ್ನು ವಿಚಾರಣೆಗೆ ಅಂಗೀಕರಿಸಬೇಕೆ ಎಂಬುದನ್ನು ನ್ಯಾಯಾಲಯ ಪರಿಶೀಲಿಸುವ ಕೆಲವೇ ದಿನಗಳ ಮುನ್ನ, ೨೦೧೪ರ ಸೆಪ್ಟೆಂಬರ್ ೨೬ರಂದು ಉಭಯ ಪಕ್ಷಗಳೂ ರಾಜಿ ಮಾಡಿಕೊಂಡವು. ಅದರ ಷರತ್ತುಗಳು ಬಹಿರಂಗವಾಗಿಲ್ಲ. ಅಂದಿನಿಂದ ಮಾರ್ವೆಲ್ ಪತ್ರಿಕೆಗಳಲ್ಲಿ ಕಿರ್ಬಿಯವರ ಹೆಸರು ಸಹಸೃಷ್ಟಿಕರ್ತರೆಂದು ಅಚ್ಚಾಗುತ್ತಿದೆ.

ಗೌರವಗಳು

ಕಿರ್ಬಿಯವರು ೧೯೮೭ರಲ್ಲಿ ಕಾರ್ಲ್ ಬಾರ್ಕ್ಸ್ ಮತ್ತು ವಿಲ್ ಐಸ್ನರ್ ಅವರೊಡನೆ, ಇಂದು ಐಸ್ನರ್ ಅವರ ಹೆಸರನ್ನು ಹೊತ್ತಿರುವ ಕಾಮಿಕ್ಸ್ ಗೌರವ ಪಟ್ಟಿಗೆ ಸೇರಿದ ಮೊದಲ ಮೂವರಲ್ಲಿ ಒಬ್ಬರಾದರು. ಜನ್ಮಶತಮಾನೋತ್ಸವದ ವರ್ಷವಾದ ೨೦೧೭ರಲ್ಲಿ ಡಿಸ್ನಿ ಸಂಸ್ಥೆ ಅವರಿಗೆ 'ಡಿಸ್ನಿ ಲೆಜೆಂಡ್' ಗೌರವ ನೀಡಿತು. ೨೦೨೫ರ 'ಫೆಂಟಾಸ್ಟಿಕ್ ಫೋರ್' ಚಿತ್ರದ ಕಥೆ ನಡೆಯುವ ಭೂಮಿಗೆ ೮೨೮ ಎಂಬ ಸಂಖ್ಯೆಯನ್ನು ಇಡಲಾಗಿದೆ. ಅದು ಎಂಟನೆಯ ತಿಂಗಳ ಇಪ್ಪತ್ತೆಂಟನೆಯ ದಿನವನ್ನು, ಅಂದರೆ ಕಿರ್ಬಿಯವರ ಜನ್ಮದಿನವನ್ನು ಸೂಚಿಸುತ್ತದೆ.